ಬೋರ್ಡಿನ ಮೇಲೆ ಹರಿದ ಕಾಲುವೆ

ಪಾಲಕರ ಸಭೆಯಲ್ಲಿ ಶರಣಪ್ಪ ಎದ್ದು ಬಂದವರೇ ಸ್ಮಾರ್ಟ್ ಬೋರ್ಡಿಗೆ ಬೆರಳಿಟ್ಟುಬಿಟ್ಟರು. ಅದರ ಮೇಲೆ ಸುರಪುರದ ಹತ್ತಿರದ ನಮ್ಮೂರಿನ ಉಪಗ್ರಹ ಚಿತ್ರವಿತ್ತು. ಬೆರಳಾಡಿಸಿದರೆ ನೀಲಿ ಗೆರೆ ಮೂಡುತ್ತದೆ, ಅಂಗೈಯಿಂದ ಒರೆಸಿದರೆ ಅಳಿಯುತ್ತದೆ ಎಂದು ಭೂಗೋಳದ ಟೀಚರಾದ ನಾನೇ ಆಗಷ್ಟೇ ತೋರಿಸಿದ್ದೆ. ಶರಣಪ್ಪ ಕಾಲುವೆಯ ಗುಂಟ ಗೆರೆ ಎಳೆಯುತ್ತ ಹೋಗಿ, ಕಟ್ಟಕಡೆಗಿರುವ ತಮ್ಮ ಹೊಲಕ್ಕೆ ಮುಟ್ಟಿಸಿದರು. ನಿಜವಾಗಿ ನೀರು ಬಂದಿದ್ದರೂ ಅಷ್ಟು ಹಿಗ್ಗುತ್ತಿದ್ದರೋ ಇಲ್ಲವೋ!

ಕಾಲುವೆಯ ಮೇಲ್ಭಾಗದಲ್ಲಿ ಹೊಲವಿರುವ ಮಲ್ಲಮ್ಮ ತಟ್ಟನೆ ಎದ್ದರು.

"ಈ ವಾರ ನಮ್ಮ ಪಾಳಿ ಐತಿ! ಯಾರ್ನ ಕೇಳಿ ನೀರು ಒಯ್ಯಾಕತ್ತಿ?" ಎನ್ನುತ್ತ ಅಂಗೈಯಿಂದ ಗೆರೆಯನ್ನು ಒರೆಸಿಯೇಬಿಟ್ಟರು. ಶರಣಪ್ಪ ಮತ್ತೆ ಎಳೆದರು, ಮಲ್ಲಮ್ಮ ಮತ್ತೆ ಒರೆಸಿದರು. ಅರ್ಧ ಸಭೆ ಅವರ ಕಡೆ, ಅರ್ಧ ಇವರ ಕಡೆ. ಇದು ಬರೀ ಚಿತ್ರ ಎಂದು ನಾನು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಬೇಸತ್ತು ಬೋರ್ಡನ್ನೇ ಆಫ್ ಮಾಡಿದೆ. ಆಗ ಮಾತ್ರ ಇಬ್ಬರೂ ಒಂದಾಗಿ ನನ್ನ ಮೇಲೆ ತಿರುಗಿಬಿದ್ದರು: "ಕಾಲುವಿ ಗೇಟ್ ಯಾಕ ಬಂದ್ ಮಾಡಿದ್ರಿ?"

ಈಗಲೂ ತರಗತಿಯಲ್ಲಿ ನಾನು ಆ ಚಿತ್ರದ ಮೇಲೆ ಕಾಲುವೆ ಬರೆದು, ಒರೆಸಲು ಕೈ ಎತ್ತಿದರೆ ಸಾಕು, ಶರಣಪ್ಪನವರ ಮಗಳು ಎದ್ದು ನಿಲ್ಲುತ್ತಾಳೆ: "ಸ್ವಲ್ಪ ತಡೀರಿ ಟೀಚರ್, ನಮ್ಮ ಹೊಲ ಇನ್ನಾ ಪೂರ್ತಿ ತೊಯ್ದಿಲ್ಲ."