ಏರಿನಲ್ಲಿ ನಿಂತ ಕಾರು

ಪುಣೆಯ ಮಾರ್ಕೆಟ್ ಯಾರ್ಡ್ ಬಳಿಯ ಏರಿನಲ್ಲಿ ನಾನು ಕಲಿಯುತ್ತಿದ್ದ ಕಾರು ಮತ್ತೆ ಬಂದ್ ಬಿತ್ತು. ಹಿಂದೆ ಈರುಳ್ಳಿ ಟೆಂಪೊದ ಹಾರ್ನ್, ಪಕ್ಕದಲ್ಲಿ ಡ್ರೈವಿಂಗ್ ಕಲಿಸುವ ಕಲಬುರಗಿ ಕಡೆಯ ಮಾಸ್ತರರ ಕೂಗು. ಹಿಂದಿನ ವಾರ ಇದೇ ಏರನ್ನು ಸಲೀಸಾಗಿ ಹತ್ತಿದ್ದೆ. ಈ ಸಲ ಮುಟ್ಟಾಗಿತ್ತು. ಕಿಬ್ಬೊಟ್ಟೆ ಹಿಂಡುತ್ತಿತ್ತು. ಸೀಟಿಗೆ ಕಲೆಯಾದೀತೆಂಬ ಅಂಜಿಕೆಯಲ್ಲಿ ಕ್ಲಚ್ಚಿನ ಮೇಲೆ ಗಮನವೇ ನಿಲ್ಲುತ್ತಿರಲಿಲ್ಲ.

"ಎಲ್ಲಿ ಅದರೀ ನಿಮ್ಮ ಲಕ್ಷ್ಯ?" ಎಂದು ಮಾಸ್ತರರು ಗದರಿದಾಗ ಹೇಳಿಯೇಬಿಟ್ಟೆ: "ಇವತ್ತ ಮುಟ್ಟಾಗೇನ್ರಿ. ಹೊಟ್ಟಿ ಭಾಳ ನೋಯಾಕತ್ತದ. ಒದರಬ್ಯಾಡ್ರಿ, ಸಾವಕಾಶ ಹೇಳ್ರಿ."

ನನ್ನ ಅಪ್ಪನ ವಯಸ್ಸಿನ ಅವರು ತಬ್ಬಿಬ್ಬಾದರು. ಆಮೇಲೆ ಮೆತ್ತಗೆ, "ಹಂಗಿದ್ರ ಇವತ್ತ ಸಾಕ್ರಿ, ಗಾಡಿ ನಾ ತಗೋತೀನಿ" ಎಂದರು. ನಾನು ಸೀಟು ಬಿಡಲಿಲ್ಲ. "ಏರು ಹತ್ತಿಸೇ ಇಳೀತೀನ್ರಿ" ಎಂದೆ.

ಅವರು ಕಿಟಕಿಯಿಂದ ಕೈ ಹೊರಹಾಕಿ ಟೆಂಪೊದವನಿಗೆ ಮರಾಠಿಯಲ್ಲಿ ತಡೆಯಲು ಹೇಳಿದರು. ಹ್ಯಾಂಡ್‌ಬ್ರೇಕ್ ಯಾವಾಗ ಬಿಡಬೇಕು, ಕ್ಲಚ್ ಎಷ್ಟು ಎತ್ತಬೇಕು ಎಂದು ಒಂದೊಂದಾಗಿ ಹೇಳುತ್ತ ಹೋದರು. ಕಾರು ತುಸು ನಡುಗಿ, ಏರು ಹತ್ತಿತು.

ಆ ನೋವು ಈಗಲೂ ತಿಂಗಳು ತಿಂಗಳು ಬರುತ್ತದೆ. ಅಂಥ ದಿನ ಓಡಿಸುವಾಗ ತಪ್ಪಾದರೆ 'ನನಗೆ ಕಾರು ಬರುವುದೇ ಇಲ್ಲ' ಎಂದುಕೊಳ್ಳುವುದನ್ನು ಮಾತ್ರ ಬಿಟ್ಟಿದ್ದೇನೆ. ಗಾಡಿ ಪಕ್ಕಕ್ಕೆ ಹಾಕಿ, ನೀರು ಕುಡಿದು, ಮತ್ತೆ ಹೊರಡುತ್ತೇನೆ.