ಸಾಹೇಬರ ಸಪ್ಪೆ ಪಲ್ಯ

ನಮ್ಮ ರೋಣದ ಕಡೆ ಬದನೆಕಾಯಿ ಪಲ್ಯಕ್ಕೆ ಖಾರ ಹಾಕದಿರುವುದೆಂದರೆ ಅತಿಥಿಗೆ ಮಾಡಿದ ಅವಮಾನವೇ ಸರಿ. ಹಾಗಿರುವಾಗ ಸೂಡಿಯ ದಾರಿಯ ಹೊಲವೊಂದಕ್ಕೆ ಪ್ರತಿ ಎಳ್ಳಮಾವಾಸ್ಯೆಯಂದು ಬುತ್ತಿಯ ಜೊತೆ ಸಪ್ಪೆ ಪಲ್ಯದ ಪುಟ್ಟ ಗಡಿಗೆಯೊಂದು ಬೇಕೆಂದೇ ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದು ಸಾಹೇಬರ ಪಾಲು. ಸಾಹೇಬರೆಂದರೆ, ಹಿಂದೆಂದೋ ಗಜೇಂದ್ರಗಡದ ಆಸುಪಾಸಿನ ಕಾಳಗದಲ್ಲಿ ಮಡಿದು, ಆ ಹೊಲದ ಬೇವಿನ ಬುಡದಲ್ಲಿ ಮಣ್ಣಾದ ಬಿಳಿಯ ಸೈನಿಕ.

ಹೊಲದೊಡತಿ ಶಿವಕ್ಕ ವರ್ಷಕ್ಕೊಮ್ಮೆ ಅವರ ಸಮಾಧಿಯ ಕಲ್ಲಿಗೆ ಸುಣ್ಣ ಬಳಿದು, ಮೂರು ಬೆರಳಿನ ವಿಭೂತಿ ಎಳೆದು, ಚರಗ ಚೆಲ್ಲುವ ಮೊದಲು, ಅಂದರೆ ಬೆಳೆಯ ಮೇಲೆ ನೈವೇದ್ಯ ಎರಚುವ ಮೊದಲು, ಅಲ್ಲಿ ಎಡೆ ಇಡುತ್ತಾಳೆ. ಅನ್ಯಧರ್ಮೀಯನಿಗೆ ವಿಭೂತಿ ಸಲ್ಲುವುದೇ ಎಂದು ನಾನೊಮ್ಮೆ ಪಾಂಡಿತ್ಯ ಪ್ರದರ್ಶಿಸಿದ್ದುಂಟು.

"ಬರೇ ಹಣಿಲೇ ಊಟಕ್ಕ ಕುಂದರಸಲಿಕ್ಕೆ ಬರ್ತೈತೇನ್ರಿ ಮಾಸ್ತರ? ಮತ್ತ ಬಿಳಿ ಮಂದಿಗೆ ಖಾರ ತಡಿಯಂಗಿಲ್ಲ, ಅದಕ್ಕ ಸಪ್ಪನ್ನ ಪಲ್ಯ" ಎಂದಳು. ನಮ್ಮವರ ಮೇಲೆ ಬಂದೂಕು ಹಿಡಿದು ಬಂದವನಲ್ಲವೇ ಎಂದರೆ, "ಬಂದವ್ರು ಹೊಳ್ಳಿ ಹೋಗಲಿಲ್ಲಲ್ರಿ. ನಮ್ಮ ಹೊಲದಾಗ ಮಲಗ್ಯಾರ" ಎಂದಳು.

ನಾನೋ, ಮೂವತ್ತು ವರ್ಷ ಸಾಲೆಯಲ್ಲಿ ಇತಿಹಾಸ ಕಲಿಸಿದ ಪ್ರಾಣಿ. ಮೃತರಿಗೆ ಹೆಸರಿಲ್ಲದಿರುವುದು ನನಗೆ ಸಹಿಸಲಾಗದ ಸಂಗತಿ. ಸುಣ್ಣದ ಪದರಗಳ ಕೆಳಗೆ ಬೆರಳಿಗೆ ಅಕ್ಷರಗಳು ತಾಗುತ್ತಿದ್ದವು. ಹೋದ ವರ್ಷ, ಶಿವಕ್ಕ ಬುತ್ತಿ ಬಿಚ್ಚುವುದರೊಳಗೆ ಹೆಸರು ಓದಿ ಎಲ್ಲರನ್ನೂ ಬೆರಗುಗೊಳಿಸುವ ಉಮೇದಿನಲ್ಲಿ, ಕಲ್ಲಿಗೆ ನೀರು ಸುರಿದು ಚಾಕುವಿನಿಂದ ಕೆರೆಯತೊಡಗಿದೆ. ಸುಣ್ಣದ ಹಕ್ಕಳೆಯ ಜೊತೆ ಕಲ್ಲಿನ ಮೇಲ್ಪದರವೂ ಎದ್ದುಬಂದು, ಹೆಸರು ನನ್ನ ಅಂಗೈಯಲ್ಲೇ ಪುಡಿಯಾಯಿತು. ಎಷ್ಟೋ ತಲೆಮಾರಿನ ನಿರಕ್ಷರ ಕೈಗಳು ಮುಚ್ಚಿ ಕಾಪಾಡಿದ್ದನ್ನು ಅಳಿಸಲು ಒಬ್ಬ ವಿದ್ಯಾವಂತನೇ ಬೇಕಾಯಿತು. ಸಮುದ್ರದಾಚೆ ಯಾರಾದರೂ ಆ ಹೆಸರನ್ನು ಹುಡುಕಿಕೊಂಡು ಬಂದರೆ ಏನು ತೋರಿಸಲಿ? ನಾಚಿಕೆಯಿಂದ ಕಣ್ಣು ತುಂಬಿ ಬಂದವು.

ಶಿವಕ್ಕ ಬೈಯಲಿಲ್ಲ. "ಹಿರ್ಯಾರನ್ನ ಹೆಸರ ಹಿಡಿದು ಯಾರರೆ ಕರೀತಾರೇನ್ರಿ? ಏಳ್ರಿ" ಎಂದು ಸುಣ್ಣದ ಕುಂಚವನ್ನು ನನ್ನ ಕೈಗಿಟ್ಟಳು. ಆ ಮಾತಿನಿಂದ ನನ್ನ ತಪ್ಪು ಒಪ್ಪಾಗಲಿಲ್ಲ. ಆದರೆ ಕೈಗೆ ಕೆಲಸ ಸಿಕ್ಕಿತು, ಮತ್ತು ಆ ಕೆಲಸ ಇನ್ನು ಮುಂದೆ ನನ್ನದೇ ಎಂದು ಇಬ್ಬರಿಗೂ ತಿಳಿಯಿತು.

ಈ ವರ್ಷವೂ ನಾನೇ ಬಳಿದೆ. ಹೊಟ್ಟೆಯ ಹುಣ್ಣಿನ ದೆಸೆಯಿಂದ ಡಾಕ್ಟರರು ನನಗೂ ಖಾರ ಬಿಡಿಸಿದ್ದಾರೆಂಬ ಸುದ್ದಿ ಹೇಗೋ ಮುಟ್ಟಿ, ಸಪ್ಪೆ ಪಲ್ಯದ ಗಡಿಗೆ ಕೊಂಚ ದೊಡ್ಡದಾಗಿತ್ತು. "ಸಾಹೇಬ್ರಿಗೆ ಆತು, ಇನ್ನ ಮಾಸ್ತರಿಗೆ ನೀಡವಾ" ಎಂದು ಶಿವಕ್ಕ ಸೊಸೆಗೆ ಹೇಳಿದಾಗಲೇ ನನಗೆ ಹೊಳೆದದ್ದು: ಇಷ್ಟು ವರ್ಷಗಳಲ್ಲಿ ಆಕೆ ನನ್ನ ಹೆಸರನ್ನೂ ಕೇಳಿಲ್ಲ. ನಾನಾಗಿ ಹೇಳಲೂ ಹೋಗಲಿಲ್ಲ. ಪಲ್ಯವನ್ನು ಇನ್ನೊಮ್ಮೆ ನೀಡಿಸಿಕೊಂಡೆ.