ಕೂಲಿಯಲ್ಲ ಸಾ, ಕೋಳಿ

ಹೋದ ತಿಂಗಳು ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಒಂದೇ ಹೆಸರಿನ ಮೂವರು ಒಂದೇ ಕೆಲಸಕ್ಕಾಗಿ ಸಾಲಾಗಿ ನಿಂತಿದ್ದರು. ಮೂವರೂ ಕೂಟಗಲ್ಲಿನವರು. ಮೂವರ ಹೆಸರೂ ತಿಮ್ಮರಾಜು. ಇನಿಷಿಯಲ್ ನೋಡಿ ಗುರುತು ಹಿಡಿಯೋಣವೆಂದರೆ ಅದೂ ಕೆ.ಟಿ. ಕೆ ಅಂದರೆ ಕೂಟಗಲ್. ಟಿ ಅಂದರೆ ಅಪ್ಪನ ಹೆಸರು. ಅಪ್ಪಂದಿರು ಯಾರು? ತಿಮ್ಮೇಗೌಡ, ತಿಮ್ಮಯ್ಯ ಮತ್ತು ತಿಮ್ಮಣ್ಣ.

ಎಚ್.ಆರ್. ಮ್ಯಾನೇಜರ್ ಪ್ರಸಾದ್ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಮಂಗಳೂರು ಕಡೆಯವರು, ನಮ್ಮ ಸೀಮೆಗೆ ಹೊಸಬರು. "ಮೇಡಮ್, ನಿಮ್ಮೂರಿನಲ್ಲಿ ಬೇರೆ ಹೆಸರೇ ಸಿಗುವುದಿಲ್ಲವಾ?" ಅಂತ ನನ್ನನ್ನು ಕೇಳಿದರು. ಮೂವರಿಗೂ ನಾನೇ ತೊಟ್ಟಿಲು ತೂಗಿ ಹೆಸರಿಟ್ಟಿದ್ದೇನೋ ಅನ್ನುವ ಹಾಗಿತ್ತು ಅವರ ಮುಖ.

(ನಾನು ಅಲ್ಲೇನು ಮಾಡುತ್ತಿದ್ದೆ ಅಂತೀರಾ? ಶನಿವಾರ ಶನಿವಾರ ಆ ಫ್ಯಾಕ್ಟರಿಯ ಹುಡುಗರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಕೂಟಗಲ್ ನನ್ನ ತವರು. ಹೀಗಾಗಿ ಆ ಊರಿನ ಎಲ್ಲ ತಪ್ಪುಗಳಿಗೂ ಪ್ರಸಾದ್ ಲೆಕ್ಕದಲ್ಲಿ ನಾನೇ ಹೊಣೆ.)

ಬೇರೆ ಹೆಸರು ಯಾಕೆ ಸಿಗುವುದಿಲ್ಲ? ಸಿಗುತ್ತವೆ. ಆದರೆ ನಮ್ಮಲ್ಲಿ ಹೆಸರನ್ನು ಹುಡುಕುವ ಕೆಲಸವನ್ನು ದೇವರಿಗೆ ಬಿಟ್ಟುಬಿಟ್ಟಿದ್ದೇವೆ. ಮಾಗಡಿ ಕಡೆ ಹೋದರೆ ರಂಗಯ್ಯ, ರಂಗಸ್ವಾಮಿ, ರಂಗಮ್ಮ. ಕನಕಪುರದ ಕಡೆ ಹೊರಳಿದರೆ ಮನೆಗೊಬ್ಬಳು ಕಬ್ಬಾಳಮ್ಮ. ಚನ್ನಪಟ್ಟಣದ ದಾರಿಯಲ್ಲಿ ಕೆಂಗಲ್ ಹನುಮಂತರಾಯ ಕೂತಿದ್ದಾನೆ, ಅವನ ಪಾಲಿನ ಹನುಮಯ್ಯಂದಿರು ಬೇರೆ. ಕೂಟಗಲ್ಲಿಗೆ ಬೆಟ್ಟದ ತಿಮ್ಮಪ್ಪ. ಹರಕೆ ಹೊತ್ತು ಹೆತ್ತ ಮಗುವಿಗೆ ಪುಸ್ತಕ ನೋಡಿ ಹೆಸರಿಡಲು ಯಾರಿಗೆ ಧೈರ್ಯ ಬರುತ್ತದೆ?

ಹಾಗಾದರೆ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಗುರುತಿಸುವುದು ಹೇಗೆ? ಅಡ್ಡಹೆಸರಿನಿಂದ. ಸಾಲಿನಲ್ಲಿ ಮೊದಲು ನಿಂತಿದ್ದವನು ಮೀಸೆ ತಿಮ್ಮರಾಜು. (ಮೀಸೆ ಬೋಳಿಸಿ ಎಷ್ಟೋ ಕಾಲವಾಯಿತು, ಹೆಸರಿನಿಂದ ಅದು ಉದುರಲಿಲ್ಲ.) ಎರಡನೆಯವನು ಪಂಪು ತಿಮ್ಮರಾಜು, ಪಂಪ್‌ಸೆಟ್ ರಿಪೇರಿಯಲ್ಲಿ ಪಳಗಿದವನು. ಮೂರನೆಯವನದನ್ನು ಈಗಲೇ ಹೇಳುವುದಿಲ್ಲ. ಯಾಕೆಂದರೆ ಅಡ್ಡಹೆಸರಿಗೆ ನಮ್ಮೂರಿನಲ್ಲೊಂದು ಕಟ್ಟುಪಾಡಿದೆ. ಹಗುರವಾದದ್ದಾದರೆ ಎದುರಿಗೇ ಕರೆಯಬಹುದು. ಮನಸ್ಸಿಗೆ ನಾಟುವಂಥದ್ದಾದರೆ ಆ ಮನುಷ್ಯ ಬೀದಿ ತಿರುವು ದಾಟುವವರೆಗೂ ಯಾರೂ ತುಟಿ ಬಿಚ್ಚುವುದಿಲ್ಲ.

ಇನ್ನು ಈ ಗೊಂದಲ ಎಬ್ಬಿಸಿದ ಪುಣ್ಯಾತ್ಮನ ವಿಚಾರ. ಅವರು ಜಾನ್ ಮೆಕೇ. ಸ್ಕಾಟ್ಲೆಂಡಿನ ಎಂಜಿನಿಯರ್. ಫ್ಯಾಕ್ಟರಿಗೆ ಹೊಸ ಮಷಿನ್ ಕೂರಿಸಲು ಬಂದು ಬೇಸಿಗೆಯಿಡೀ ನಮ್ಮ ಜೊತೆಗಿದ್ದು ಹೋದವರು. ಆ ಹೆಸರು ನಮ್ಮ ಹುಡುಗರ ಬಾಯಲ್ಲಿ ಎರಡನೇ ದಿನಕ್ಕೇ 'ಮೇಕೆ ಸಾರ್' ಆಗಿತ್ತು, ಬೆನ್ನ ಹಿಂದೆ ಮಾತ್ರ. ಅವರು ಆಡುತ್ತಿದ್ದದ್ದು ಇಂಗ್ಲಿಷೇ, ಅನುಮಾನ ಬೇಡ. ಆದರೆ ಆ ಇಂಗ್ಲಿಷನ್ನು ನಮ್ಮ ಇಂಗ್ಲಿಷಿಗೆ ತರಲು ಒಬ್ಬರು ಬೇಕಿತ್ತು. ಆ ಒಬ್ಬರು ನಾನು, ಆ ಬೇಸಿಗೆಯ ಮಟ್ಟಿಗೆ ದಿನವೂ.

ಒಮ್ಮೆ ರಾಮನಗರದ ಸೈಬರ್ ಕೆಫೆಯಲ್ಲಿ ಕೂತು ಕುತೂಹಲಕ್ಕೆ ಅವರ ಹೆಸರು ಹೊಡೆದು ನೋಡಿದೆ. ಅಬ್ಬಾ, ಜಾನ್ ಮೆಕೇಗಳ ಜಾತ್ರೆ. ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬ ಪಾದ್ರಿ, ಒಬ್ಬ ಜಡ್ಜ್, ಒಬ್ಬ ಸಿಪಾಯಿ, ಹಡಗು ಹತ್ತಿ ಹೋಗಿ ಇನ್ನೆಲ್ಲೋ ದೊಡ್ಡ ಮನುಷ್ಯನಾದ ಮತ್ತೊಬ್ಬ. ಎಲ್ಲರೂ ಖ್ಯಾತರೇ. ನಮ್ಮವರು ಮಾತ್ರ ಎಲ್ಲೂ ಕಾಣಲಿಲ್ಲ.

ಮರುದಿನ ಟೀ ಹೊತ್ತಿನಲ್ಲಿ ಇದನ್ನು ಹೇಳಿದಾಗ ಅವರು ನಕ್ಕರು. ಅವರ ಊರಿನಲ್ಲೂ ಇದೇ ಕಥೆಯಂತೆ. ತಾತನ ಹೆಸರು ಮೊಮ್ಮಗನಿಗೆ, ಮೊಮ್ಮಗನದು ಅವನ ಮೊಮ್ಮಗನಿಗೆ. ಚರ್ಚಿನಲ್ಲಿ ಜಾನ್ ಅಂದರೆ ಅರ್ಧ ಬೆಂಚು ತಿರುಗಿ ನೋಡುತ್ತದಂತೆ. ಪೇಪರಿನಲ್ಲಿ ಬರುವ ಜಾನ್ ಮೆಕೇಗಳನ್ನು ಊರಿನವರು ಕ್ಯಾರೇ ಅನ್ನುವುದಿಲ್ಲ, ಊರು ಇಟ್ಟ ಅಡ್ಡಹೆಸರಿದ್ದರೆ ಮಾತ್ರ ಅವನು ಊರಿನಲ್ಲಿ ಮನುಷ್ಯ ಅಂದರು.

"ಹಾಗಾದರೆ ನಿಮ್ಮದೇನು?" ಅಂತ ಕೇಳಿದೆ.

ಟೀ ತಣ್ಣಗಾಗುತ್ತಿದೆ ಅಂದರು. ಎದ್ದು ಹೋದರು.

ಈಗ ಮತ್ತೆ ಪ್ರಸಾದ್ ರೂಮಿಗೆ ಬನ್ನಿ. ಮೆಕೇ ಊರಿಗೆ ಹೋದ ಮೇಲೆ ಮಷಿನ್ನಿಗೆ ಒಬ್ಬ ಪರ್ಮನೆಂಟ್ ಆಪರೇಟರ್ ಬೇಕಾಯಿತು. ಅವರನ್ನೇ ಕೇಳಿದರೆ, "ತಿಮ್ಮರಾಜು" ಅಂದುಬಿಟ್ಟಿದ್ದರು. ಯಾವ ತಿಮ್ಮರಾಜು? ಮೂವರೂ ಕಾಂಟ್ರಾಕ್ಟ್ ಕೆಲಸಗಾರರು, ಮೂವರೂ ಶಿಫ್ಟ್ ಪ್ರಕಾರ ಅವರ ಕೈಕೆಳಗೆ ದುಡಿದವರು. ಅವರಂತೂ ಮೂವರನ್ನೂ 'ರಾಜೂ' ಅಂತಲೇ ಕರೆಯುತ್ತಿದ್ದರು. ಗೇಟ್ ಪಾಸಿನ ಫೋಟೋಗಳನ್ನು ಇಮೇಲ್ ಮಾಡಿದ್ದಕ್ಕೆ, ಇವು ಮೂರೂ ಒಬ್ಬನದೇ ಫೋಟೋ ಅಲ್ಲವೇ ಅಂತ ಉತ್ತರ ಬಂದಿತ್ತು. (ಆ ಫೋಟೋಗಳನ್ನು ನಾನೂ ನೋಡಿದ್ದೇನೆ. ಅವರ ತಪ್ಪಿಲ್ಲ.)

ಪರ್ಮನೆಂಟ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಂಟ್ರಾಕ್ಟಿನವನಿಗೆ ಸೋಮವಾರ ಗೇಟಿನಲ್ಲಿ ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವುದು ಸೋಮವಾರವೇ ತಿಳಿಯುವುದು. ಪರ್ಮನೆಂಟಾದವನಿಗೆ ಕಂಪನಿ ಬಸ್ಸು ಊರ ಬಾಗಿಲಿಗೆ ಬರುತ್ತದೆ, ಆಸ್ಪತ್ರೆಯ ಕಾರ್ಡು ಹೆಂಡತಿ ಮಕ್ಕಳಿಗೂ ಸಿಗುತ್ತದೆ. ಮೂರನೇ ತಿಮ್ಮರಾಜುವಿನ ಹೆಂಡತಿ ಆಗ ತುಂಬಿದ ಬಸುರಿ. ಅವತ್ತು ಅವನ ಕಣ್ಣು ಪ್ರಸಾದ್ ಮೇಜಿನ ಫೋನಿನ ಮೇಲೇ ಇತ್ತು.

ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆ ಮೆಕೇ, ಈ ಕಡೆ ನಾವೈದು ಜನ.

ಅವನಲ್ಲಿ ಏನು ವಿಶೇಷ ಕಂಡಿರಿ ಅಂತ ಪ್ರಸಾದ್ ಕೇಳಿದರು. ಅರ್ಥವಾಗದಿದ್ದಾಗ ಅರ್ಥವಾಗಲಿಲ್ಲ ಅಂತ ಹೇಳುತ್ತಿದ್ದವನು ಅವನೊಬ್ಬನೇ, ಉಳಿದವರೆಲ್ಲ ಎಲ್ಲದಕ್ಕೂ ಯೆಸ್ ಸರ್ ಅನ್ನುತ್ತಿದ್ದರು ಅಂದರು ಮೆಕೇ. ನಾನು ಅದನ್ನು ಕನ್ನಡಕ್ಕೆ ತಂದೆ. "ಹಾಗೆ ಹೇಳುತ್ತಿದ್ದವನು ಯಾರಪ್ಪ?" ಅಂತ ಪ್ರಸಾದ್ ತಿರುಗಿದರು.

ಮೂವರೂ ಒಟ್ಟಿಗೆ, "ನಾನೇ ಸಾ" ಅಂದರು.

ಆಮೇಲೆ ಮೆಕೇಗೆ ಏನೋ ಹೊಳೆಯಿತು. ಅವನು ಆಚೆ ಹೋದ ಕೂಡಲೇ ಬೇರೆ ಹುಡುಗರು ಅವನಿಗೆ ಒಂದು ಪದ ಬಳಸುತ್ತಿದ್ದರು, ಕ್ಯಾಂಟೀನಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ ಅಂದರು. ಏನದು? "ಕೋಲಿ. ಕೋಲೀ ತಿಮ್ಮರಾಜು."

ಪ್ರಸಾದ್ ಮುಖ ಕೆಂಪಾಯಿತು. "ಸರ್, ಕೂಲಿ ಅನ್ನುವ ಮಾತನ್ನು ನಮ್ಮ ಕಂಪನಿಯಲ್ಲಿ ಯಾರೂ ಬಳಸುವುದಿಲ್ಲ" ಅಂತ ಇಂಗ್ಲಿಷಿನಲ್ಲಿ ಸಮಜಾಯಿಷಿ ಶುರುಮಾಡಿದರು. ಕಾರ್ಮಿಕರ ಘನತೆ, ಪಾಲಿಸಿ, ಏನೇನೋ. ಪಾಪ, ಇದೇನು ಆಗುತ್ತಿದೆ ಅಂತ ಮೆಕೇಗೂ ತಿಳಿಯಲಿಲ್ಲ.

ನನಗೆ ತಿಳಿಯಿತು. ತಿಮ್ಮರಾಜುಗಳಿಗೂ ತಿಳಿಯಿತು. ಮೀಸೆ ಫ್ಯಾನ್ ನೋಡಿದ. ಪಂಪು ಗೋಡೆಯ ಕ್ಯಾಲೆಂಡರ್ ನೋಡಿದ. ಮೂರನೆಯವನು ತನ್ನ ಬೂಟು ನೋಡಿಕೊಂಡ.

ಅವನು ಕೋಳಿ ತಿಮ್ಮರಾಜು. ಅವನ ತಾತನ ಕಾಲದಲ್ಲಿ ಯಾರದೋ ಮನೆಯ ಕೋಳಿಯೊಂದು ಇವರ ಮನೆಯ ಸಾರಿನಲ್ಲಿ ಸಿಕ್ಕಿತು ಅಂತ ಊರಿನ ಆರೋಪ. ಅಂದಿನಿಂದ ಅದು ಕೋಳಿಯವರ ಮನೆ. ತಾತ ಸತ್ತ, ಅಪ್ಪ ಸತ್ತ, ಕೋಳಿ ಸಾಯಲಿಲ್ಲ. ಸ್ಕೂಲಿನಲ್ಲಿ ಇವನು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಕೊಕ್ಕೊಕ್ಕೋ ಅಂತ ಸದ್ದು ಬರುತ್ತಿತ್ತು. ಬೀಗರೂಟದಲ್ಲಿ ಕೋಳಿ ಬಡಿಸುವವನು ಹತ್ತಿರ ಬಂದರೆ ಪಂಕ್ತಿಯೆಲ್ಲ ಇವನ ಎಲೆ ಕಡೆ ಕಳ್ಳನೋಟ ಹಾಯಿಸುತ್ತದೆ. ಅದಕ್ಕೇ ಅವನು ಎಲ್ಲಿ ಹೋದರೂ ನಾನು ಮಟನ್ ಮಾತ್ರ ಅನ್ನುವುದು. ಕೋಳಿ ಅಂದರೆ ಅವನಿಗೆ ಪ್ರಾಣ ಅಂತ ಅವನ ಹೆಂಡತಿ ನನಗೆ ಹೇಳಿದ್ದಾಳೆ.

ಆಯಿತು, ಹೀಗೆ ತೀರುವುದಿಲ್ಲ, ಸೀನಿಯಾರಿಟಿ ಪ್ರಕಾರ ಮೊದಲು ಸೇರಿದವನಿಗೇ ಕೊಟ್ಟುಬಿಡುತ್ತೇನೆ ಅಂದರು ಪ್ರಸಾದ್. ಅಂದರೆ ಮೀಸೆಗೆ. ಫೋನಿನ ಕಡೆ ಕೈ ಚಾಚಿದರು.

ಹೇಳಲೇ? ಹೇಳಿದರೆ ಕೆಲಸ ಸಿಗುತ್ತದೆ. ಆದರೆ ಮ್ಯಾನೇಜರ್ ಎದುರು, ಫಾರಿನ್ನಿನವನ ಎದುರು, ಅವನ ಮುಖದ ಮೇಲೇ ಆ ಪದ ಆಡಿದವಳಾಗುತ್ತೇನೆ. ಹೇಳದಿದ್ದರೆ ಅವನ ಹೆಂಡತಿಯ ಮುಖವನ್ನು ಹೇಗೆ ನೋಡಲಿ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನನ್ನ ನಾಲಿಗೆಯಂತೂ ಏಳಲಿಲ್ಲ. ಉಳಿದಿಬ್ಬರೂ ಸುಮ್ಮನೇ ಇದ್ದರು. ಅವರ ಮೌನದಲ್ಲಿ ಮರ್ಯಾದೆ ಎಷ್ಟು, ಕೆಲಸದ ಆಸೆ ಎಷ್ಟು ಅಂತ ಅಳೆಯಲು ನಾನು ಯಾರು?

ಆಗ ಮೂರನೆಯವನು ಒಂದು ಹೆಜ್ಜೆ ಮುಂದೆ ಬಂದ.

"ಅದು ಕೂಲಿ ಅಲ್ಲ ಸಾ," ಅಂದ. "ಕೋಳಿ. ಆ ಕೋಳಿ ತಿಮ್ಮರಾಜು ನಾನೇಯ."

ಅವನ ಬಾಯಿಂದ ಆ ಮಾತು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪ್ರಸಾದ್ ಚಾಚಿದ ಕೈ ಚಾಚಿದ ಹಾಗೇ ಇತ್ತು.

"ಯಾಕಪ್ಪ ಹಾಗೆ ಕರೆಯುತ್ತಾರೆ?" ಅಂತ ಕೇಳಿದರು.

ತಿಮ್ಮರಾಜು ನನ್ನ ಕಡೆ ತಿರುಗಿದ. "ಎಲ್ಲಾನೂವೆ ಹೇಳ್ಬುಡಕ್ಕ. ಆ ಸಾಹೇಬ್ರಿಗೂ ಹೇಳ್ಬುಡು. ಆದ್ರೆ ಒಂದ್ ಮಾತ ಸೇರಿಸು. ಅದು ನಮ್ಮ ಕೋಳಿನೇಯ. ದಾರಿ ತಪ್ಪಿ ಅವರ ಅಟ್ಟೀಲಿತ್ತು. ಮನೆಗೆ ಬಂತು, ಅಷ್ಟೇಯ."

ಹೇಳಿದೆ. ತಾತ, ಸಾರು, ಆರೋಪ, ಪ್ರತಿವಾದ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಆ ಕಡೆಯಿಂದ ಬರೀ ಗೊರಗೊರ ಸದ್ದು. ಲೈನ್ ಕೆಟ್ಟಿತೇ ಅಂದುಕೊಂಡೆವು. ಇಲ್ಲ, ಮನುಷ್ಯ ನಗುತ್ತಿದ್ದರು. ನಕ್ಕು ನಕ್ಕು ಕೆಮ್ಮು ಬಂದು, ಕೆಮ್ಮು ನಿಂತ ಮೇಲೆ ಹೇಳಿದರು: ನಮ್ಮ ಮನೆಗೆ ಊರಿನವರು ಇಟ್ಟ ಹೆಸರು ಕುರಿ.

ಅವರ ಮುತ್ತಾತ ಒಂದು ದಿನ ಮಂಜು ಮುಸುಕಿದ ಬೆಟ್ಟದಿಂದ ಮಂದೆ ಹೊಡೆದುಕೊಂಡು ಬಂದರಂತೆ. ಮನೆಗೆ ಬಂದು ನೋಡಿದರೆ ಒಂದು ಕುರಿ ಜಾಸ್ತಿ. ಅದು ತಾನಾಗಿಯೇ ಹಿಂದೆ ಬಂತು ಅನ್ನುವುದು ಮನೆಯವರ ವಾದ. ಊರು ಇವತ್ತಿಗೂ ಒಪ್ಪಿಲ್ಲ. ಅವತ್ತು ಟೀ ತಣ್ಣಗಾದ ಕಾರಣ ನನಗೆ ಆಗ ಗೊತ್ತಾಯಿತು.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ತಿಮ್ಮರಾಜು ಮುಖ ಅರಳಿತ್ತು. "ನಮ್ದು ಬರೀ ಕೋಳಿ ಸಾ. ನೀವೇ ದೊಡ್ಡೋರು ಬುಡಿ" ಅಂದ. ಅದನ್ನು ತರ್ಜುಮೆ ಮಾಡುವಾಗ ಪ್ರಸಾದ್ ಕೂಡ ಮೇಜು ತಟ್ಟಿ ನಕ್ಕರು.

ಮೀಸೆ ಅವನ ಹೆಗಲ ಮೇಲೆ ಕೈ ಹಾಕಿದ. "ನಾನೇ ಹೇಳಾನ ಅಂತಿದ್ದೆ ಕಣ್ಲಾ. ನಿನ್ನ ಮುಂದ್ಗಡೆ ಎಂಗ್ಲಾ ಹೇಳದು?" ಅಂದ. ಅರ್ಧ ನಂಬಿದೆ. ಅರ್ಧವಾದರೂ ನಂಬದಿದ್ದರೆ ಊರಿನಲ್ಲಿ ಬದುಕುವುದು ಹೇಗೆ ಹೇಳಿ. ಇನ್ನೊಂದು ಮಷಿನ್ ಬರುವುದಿದೆ, ಆಗ ಇವರಿಬ್ಬರನ್ನು ಮರೆಯಬೇಡಿ ಅಂತ ಮೆಕೇ ತಾವಾಗಿಯೇ ಪ್ರಸಾದ್‌ಗೆ ಹೇಳಿದರು. ಫೋನ್ ಇಡುವ ಮುಂಚೆ ಇನ್ನೊಂದು ಕೇಳಿದರು. ಹುಡುಗರು ನನಗೂ ಒಂದು ಹೆಸರು ಇಟ್ಟಿರಬೇಕಲ್ಲ, ಏನದು?

ಮೂವರು ತಿಮ್ಮರಾಜುಗಳೂ ಒಟ್ಟಿಗೆ ಫ್ಯಾನ್ ನೋಡಿದರು. "ಏನೂ ಇಲ್ಲ ಅನ್ನಕ್ಕ" ಅಂದ ಕೋಳಿ, ಪಿಸುಮಾತಿನಲ್ಲಿ.

ನಮ್ಮ ಹೊಲಗಳ ಮೇಲೆ ಫ್ಯಾಕ್ಟರಿಗಳು ಎದ್ದು ಎಷ್ಟು ಕಾಲವಾಯಿತು? ಒಳಗೆ ಹೋಗುವವನಿಗೆ ಒಂದು ನಂಬರ್ ಕೊಡುತ್ತಾರೆ, ಕೊರಳಿಗೆ ಒಂದು ಕಾರ್ಡ್ ಹಾಕುತ್ತಾರೆ. ಇನ್ನು ಊರಿನ ಗುರುತೆಲ್ಲ ಗೇಟಿನ ಆಚೆಗೇ ಉಳಿಯುತ್ತದೆ ಅಂತ ನನಗೆ ಅಳುಕಿತ್ತು. ಈಗ ಅಷ್ಟು ಅಳುಕಿಲ್ಲ. ನಂಬರಿನ ಕೈಲಾಗದ ಕೆಲಸವನ್ನು ಒಂದು ಹಳೆಯ ಕೋಳಿ ಮಾಡಿತು, ಅದೂ ಸಮುದ್ರ ದಾಟಿ. ಅಲ್ಲಿನ ಕುರಿಗೆ ಇಲ್ಲಿನ ಕೋಳಿಯ ಗುರುತು ಸಿಕ್ಕಿತಲ್ಲ, ನನಗೆ ಅದೇ ಸಂತೋಷ.

ಕಳೆದ ಭಾನುವಾರ ತಿಮ್ಮರಾಜು ಮನೆಯಲ್ಲಿ ಊಟ. ಮಗಳು ಹುಟ್ಟಿದ್ದಾಳೆ, ಕಂಪನಿ ಕಾರ್ಡಿನಲ್ಲೇ ಹೆರಿಗೆಯಾಯಿತು. (ಹೆಸರು? ತಿಮ್ಮಕ್ಕ. ಇನ್ನೇನಿರುತ್ತದೆ?) ಅಂಗಳದಲ್ಲಿ ಮುದ್ದೆ, ನಾಟಿ ಕೋಳಿ ಸಾರು. ಇಡೀ ಬೀದಿಯನ್ನು ಕರೆದಿದ್ದ. ಮೀಸೆ ಬಡಿಸುತ್ತಿದ್ದ, ಪಂಪು ನೀರು ಕೊಡುತ್ತಿದ್ದ. ತಿಮ್ಮರಾಜು ಪಂಕ್ತಿಯ ನಟ್ಟನಡುವೆ ಕೂತು ಕೋಳಿಯ ಕಾಲು ಕಡಿಯುತ್ತಾ, "ಸಂತೇಲಿ ತಂದಿದ್ದು ಕಣ್ರಪ್ಪ, ದಾರಿ ತಪ್ಪಿ ಬಂದಿದ್ದಲ್ಲ" ಅಂದ. ಬೀದಿ ಬಿದ್ದು ಬಿದ್ದು ನಕ್ಕಿತು. ಎದುರಿಗೇ ನಕ್ಕಿತು.

ಆ ಖುಷಿಯಲ್ಲಿ ನಾನೂ ಒಂದು ಮಾತು ಆಡಿದೆ. "ನೋಡು ತಿಮ್ಮರಾಜು, ಎಲ್ಲರ ಮನೆಗೂ ಒಂದೊಂದು ಇಟ್ಟ ಊರು ನಮ್ಮ ಮನೆಗೆ ಮಾತ್ರ ಏನೂ ಇಡಲಿಲ್ಲ. ನಮ್ಮಪ್ಪ ಮೇಷ್ಟ್ರಾಗಿದ್ದರಲ್ಲ, ಅದಕ್ಕೇ ಇರಬೇಕು."

ಮೀಸೆಯ ಸೌಟು ಅಲ್ಲೇ ನಿಂತಿತು. ಪಂಪು ಆಕಾಶ ನೋಡಿದ. ಬಾಗಿಲಲ್ಲಿದ್ದ ತಿಮ್ಮರಾಜು ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು.

"ಒಸಿ ಸಾರು ಹಾಕುಸ್ಕೊ ಅಕ್ಕ," ಅಂದ ತಿಮ್ಮರಾಜು, "ಮುದ್ದೆ ಆರೋಯ್ತದೆ."

ಕೂಟಗಲ್ಲಿನ ಓದುಗರೇ, ನಾನು ಬೀದಿ ತಿರುವು ದಾಟಿದ ಮೇಲೆ ನೀವು ನನ್ನನ್ನು ಏನಂತ ಕರೆಯುತ್ತೀರಿ?